ಪೋಕರ್: ಲೇಖನ ಬಿಟ್ಟ ಲೆಕ್ಕ

ಲೆಕ್ಕ, ತಾಳ್ಮೆ ಎರಡೂ ಇದ್ದರೆ ಆನ್‌ಲೈನ್ ಪೋಕರ್‌ನಲ್ಲಿ ಸೋಲಿಲ್ಲ ಎಂಬ ಲೇಖನವೊಂದರ ಮಾತನ್ನು ಒಪ್ಪಲಾರೆ. ಲೆಕ್ಕವನ್ನೇ ನೋಡಿ: ನಾಲ್ಕು ಆಟೀನ್ ಕೂಡಿ ಐದನೆಯದಕ್ಕೆ ಕಾಯುವವನಿಗೆ, ಕಾಣದ 47 ಎಲೆಗಳಲ್ಲಿ ಒದಗುವುದು 9. ಇನ್ನೆರಡು ಎಲೆ ಬಿದ್ದರೂ ಸಾಧ್ಯತೆ ಶೇ 35ರಷ್ಟೇ. ಯಾರೇ ಗೆಲ್ಲಲಿ, ಆಟ ನಡೆಸುವ ಕಂಪನಿ ಮಾತ್ರ ಪಣದ ಹಣದಲ್ಲಿ ತನ್ನ ಪಾಲು ಮುರಿದುಕೊಳ್ಳುತ್ತದೆ. ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ!

ಸಿರುಗುಪ್ಪದಲ್ಲಿ ಭತ್ತ ಮಾರಿದ ದುಡ್ಡು ಖಾತೆಗೆ ಬಿದ್ದ ರಾತ್ರಿ, ಸಾಲು ಸೋಲಿನ ಮೇಲೆ ‘ಹೋದದ್ದನ್ನ ಇವತ್ತೇ ತೆಗೀಬೇಕು’ ಎಂದು ಮೊಬೈಲ್ ಒತ್ತುವ ಹುಡುಗನಿಗೆ ಯಾವ ಸಂಯಮದ ಪಾಠ ಹೇಳುತ್ತೀರಿ? ಇಂಥ ಆಟಗಳ ಮೇಲಿನ ರಾಜ್ಯದ 2021ರ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಮಾಡಿತು. ಕೌಶಲವಿರಲಿ, ಅದೃಷ್ಟವಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನೇ 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಅದನ್ನು ಮನಸಾರೆ ಸ್ವಾಗತಿಸುತ್ತೇನೆ.