ಪಿಸ್ತೂಲಿನ ಬೆಲೆಯೂ ಕೋವಿಯ ಲೈಸೆನ್ಸೂ



ಸಂಘದ ಕಚೇರಿಯಲ್ಲಿ ಮೈಲುತುತ್ತ, ಗೊಬ್ಬರ, ಧಾರಣೆಯ ಮಾತು ಮುಗಿದ ಮೇಲೆ ಈಚೆಗೆ ಇನ್ನೊಂದು ಮಾತು ಕೇಳಿಬರುತ್ತಿದೆ. ಇಂಥ ಎಸ್ಟೇಟಿನವರು ಹಳೆಯ ವೆಬ್ಲಿ ಪಿಸ್ತೂಲೊಂದನ್ನು ಇಷ್ಟು ಲಕ್ಷ ಕೊಟ್ಟು ತಂದರಂತೆ, ಅವರ ಭಾಮೈದನೂ ಒಂದಕ್ಕೆ ಅರ್ಜಿ ಹಾಕಿದ್ದಾನಂತೆ ಎಂದು. 2024ರಲ್ಲಿ ರೊಬಸ್ಟಾ ಧಾರಣೆ ನಾವು ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು. ಬೇಲೂರು ಕಡೆಯ ಕಾಫಿಯವರ ಕೈಯಲ್ಲಿ ನಾಲ್ಕು ಕಾಸು ಓಡಾಡಿದ್ದು ಸಂತೋಷವೇ. ಹಣ ಅವರದು, ಹವ್ಯಾಸ ಅವರದು, ಇದರಲ್ಲಿ ಸಂಘದ ಕಾರ್ಯದರ್ಶಿಗೇನು ಕೆಲಸ ಎಂದು ಕೇಳಬಹುದು. ಕೆಲಸವಿದೆ. ಅದನ್ನು ಹೇಳುವ ಮುನ್ನ, ತಿಳಿದ ಮನುಷ್ಯರು ಒಂದು ಸಣ್ಣ ಕೈಬಂದೂಕಿಗೆ ಅಷ್ಟೊಂದು ಹಣ ಏಕೆ ಸುರಿಯುತ್ತಾರೆಂಬುದನ್ನು ನ್ಯಾಯವಾಗಿ ನೋಡಬೇಕು. ಹುಚ್ಚೆಂದು ನಕ್ಕುಬಿಡುವುದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ.

ಪೇಟೆಯವನೊಬ್ಬನ ಮುಂದೆ ಸರಕು ಮತ್ತು ಗೊರಬಲು ಎರಡನ್ನೂ ಒಂದೊಂದು ಹಿಡಿ ಸುರಿಯಿರಿ. ಎರಡೂ ಅಡಿಕೆಯೇ, ಬೆಲೆಯಲ್ಲಿ ಇಷ್ಟು ಅಂತರ ಏಕೆಂದು ಅವನು ಕೇಳುತ್ತಾನೆ. ನಮ್ಮ ಕಣ್ಣಿಗೆ ಅಂತರ ಕಾಣುತ್ತದೆ. ಎಳೆಯದು, ಸರಿಯಾಗಿ ಬೆಂದದ್ದು, ಬಣ್ಣ ಕೂತದ್ದು ಎಂದು ಮುಟ್ಟಿದ ಕೂಡಲೇ ಹೇಳುತ್ತೇವೆ. ಪಿಸ್ತೂಲಿನ ಹವ್ಯಾಸಿಯದೂ ಅದೇ ಪಾಡು. ಜಾನ್ ಬ್ರೌನಿಂಗ್ ರೂಪಿಸಿ 1911ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಪಿಸ್ತೂಲನ್ನೇ ತೆಗೆದುಕೊಳ್ಳಿ. ಸೈನ್ಯಕ್ಕೆ ಮಾಡಿದ್ದರಿಂದ ಅದರ ಭಾಗಗಳ ನಡುವೆ ಬೇಕೆಂದೇ ಸ್ವಲ್ಪ ಸಡಿಲ ಬಿಟ್ಟಿದ್ದರು. ಕೆಸರು ಹೊಕ್ಕರೂ ಹಾರಬೇಕು, ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರಬೇಕು. ಆ ಸಡಿಲದಿಂದಲೇ ಗುಂಡು ಗುರಿಯಲ್ಲಿ ಅಲ್ಲೊಂದು ಇಲ್ಲೊಂದು ಬೀಳುತ್ತದೆ. ಕುಶಲಕರ್ಮಿ ಏನು ಮಾಡುತ್ತಾನೆಂದರೆ, ಕೂದಲೆಳೆಯಷ್ಟು ದಪ್ಪವಾಗಿಯೇ ಮಾಡಿದ ಭಾಗಗಳನ್ನು ಅರದಿಂದ ಉಜ್ಜಿ, ಒಂದಕ್ಕೊಂದು ತೇಯ್ದು, ಪ್ರತಿ ಈಡಿಗೂ ನಳಿಗೆ ಅದೇ ಜಾಗಕ್ಕೆ ಬಂದು ಕೂರುವಂತೆ ಹೊಂದಿಸುತ್ತಾನೆ. ಟ್ರಿಗರ್ ಎಳೆದರೆ ತೊಡಕಿಲ್ಲದೆ, ಗಾಜಿನ ಕಡ್ಡಿ ಮುರಿದ ಹಾಗೆ ಬಿಡಬೇಕು. ಇದು ಯಂತ್ರದ ಕೆಲಸವಲ್ಲ, ದಿನಗಟ್ಟಲೆ ಕೂತು ಕೈಯಿಂದ ಮಾಡುವ ಕೆಲಸ. ಅದಕ್ಕೆ ಕೂಲಿ ಕೊಡಲೇಬೇಕು. ಆದರೆ ಒಂದು ಮಟ್ಟ ದಾಟಿದ ಮೇಲೆ ಹಣ ಎರಡರಷ್ಟು ಹಾಕಿದರೂ ಗುರಿ ಹಿಡಿಯುವುದು ಎಳ್ಳಷ್ಟೇ ಹೆಚ್ಚುತ್ತದೆ. ಇದು ಹವ್ಯಾಸಿಗೂ ಗೊತ್ತು. ಅಮೆರಿಕದ ಕ್ಯಾಬಟ್ ಎಂಬ ಕಂಪನಿ ಉಲ್ಕೆಯ ಕಬ್ಬಿಣದಿಂದ ಜೋಡಿ ಪಿಸ್ತೂಲು ಮಾಡಿ 45 ಲಕ್ಷ ಡಾಲರ್ ಬೆಲೆ ಹೇಳಿತು. ಅಂಥದರಿಂದ ಯಾರೂ ಗುಂಡು ಹಾರಿಸಿ ಮಸಿ ಮಾಡಿಕೊಳ್ಳುವುದಿಲ್ಲ.

ಇಂಥ ಮೋಹಕ್ಕೆ ನಿದರ್ಶನ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನಿಗಾಗಿ ಮಾಡಿದ ಚಕಮಕಿ ಪಿಸ್ತೂಲುಗಳಲ್ಲಿ ಜೋಡಿಯ ಒಂದಕ್ಕೆ ಚಕಮಕಿ ಬಲಗಡೆ, ಇನ್ನೊಂದಕ್ಕೆ ಎಡಗಡೆ. ಮೈಮೇಲೆ ಬೆಳ್ಳಿಯ ಕೆಲಸ, ಹುಲಿಯ ಗುರುತು, ಮಾಡಿದ ಊರು ಮತ್ತು ವರ್ಷ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅವುಗಳಲ್ಲಿ ಬಹಳಷ್ಟು ಲೂಟಿಯಾಗಿ ಸಮುದ್ರ ದಾಟಿದವು. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಕಾಲದ ಕತ್ತಿ, ಕೋವಿ, ಪಿಸ್ತೂಲು ಮುಂತಾದ 30 ವಸ್ತುಗಳಿಗೆ ಒಟ್ಟು 60 ಲಕ್ಷ ಪೌಂಡಿಗೂ ಮಿಕ್ಕಿ ಬಂತು. 2023ರಲ್ಲಿ ಅವನ ಒಂದೇ ಕತ್ತಿಗೆ 1 ಕೋಟಿ 40 ಲಕ್ಷ ಪೌಂಡ್! ಕೊಂಡವರು ಕಬ್ಬಿಣಕ್ಕೆ ಹಣ ಕೊಟ್ಟಿಲ್ಲ, ಹೆಸರಿಗೆ ಕೊಟ್ಟಿದ್ದಾರೆ, ಕೈಗೆಲಸಕ್ಕೆ ಕೊಟ್ಟಿದ್ದಾರೆ. ನಮ್ಮ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹದ ಬುಡದಲ್ಲಿ ಹೆಸರು ಕೆತ್ತಿಟ್ಟು ಹೋದದ್ದನ್ನು ನಾವು ನೆಂಟರಿಗೆ ತೋರಿಸಿ ಹೆಮ್ಮೆಪಡುವುದಿಲ್ಲವೇ? ಬರ್ಮಿಂಗ್‌ಹ್ಯಾಮಿನವನ ಹೆಸರು ಕೆತ್ತಿದ ಪಿಸ್ತೂಲನ್ನು ಮಕಮಲ್ಲಿನಲ್ಲಿ ಸುತ್ತಿಡುವವನ ಹೆಮ್ಮೆಯೂ ಅದೇ ಜಾತಿಯದು. ಅಷ್ಟರಮಟ್ಟಿಗೆ ನನಗೆ ಅವನ ಮೇಲೆ ಸಿಟ್ಟಿಲ್ಲ.

ಆದರೆ ನಮ್ಮ ದೇಶದಲ್ಲಿ ಕೈಬಂದೂಕಿನ ಬೆಲೆ ಏರಿರುವುದು ಬರೀ ಕೈಗೆಲಸದಿಂದಲ್ಲ, ಕಾನೂನಿನಿಂದ. 1980ರ ದಶಕದ ನಡುವಿನಿಂದ ಖಾಸಗಿಯವರು ಹೊರದೇಶದ ಬಂದೂಕು ತರಿಸುವುದು ನಿಂತಿತು. ಹೆಸರಾಂತ ಗುರಿಕಾರರಿಗೆ ಮಾತ್ರ ವಿನಾಯಿತಿ. ಸೈನ್ಯ, ಪೊಲೀಸಿನವರು ಬಳಸುವ 9 ಮಿಲಿಮೀಟರಿನದು ನಿಷೇಧಿತ ಬೋರು. ಉಳಿದದ್ದು ಮುಖ್ಯವಾಗಿ .32 ಬೋರು, ಅದರಲ್ಲಿಯೂ ನಿಷೇಧಕ್ಕೆ ಮೊದಲೇ ಬಂದ ನಾಲ್ಕಾರು ಹಳೆಯವು. 1911ರಿಂದ ಲಂಡನ್ ಪೊಲೀಸರು ಬಳಸುತ್ತಿದ್ದ ಸಾದಾ ವೆಬ್ಲಿ ಅಂಡ್ ಸ್ಕಾಟ್ ಪಿಸ್ತೂಲು ಇಲ್ಲಿ ಇಂದು ಲಕ್ಷಗಟ್ಟಲೆ ಬಾಳುವುದು ಹೀಗೆ. ಅದರ ಮೇಲೆ 2019ರ ತಿದ್ದುಪಡಿ: ಒಬ್ಬ ಲೈಸೆನ್ಸುದಾರ ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು. ಎರಡೇ ಎಂದಮೇಲೆ ಹವ್ಯಾಸಿ ಏನು ಮಾಡುತ್ತಾನೆ? ನಾಲ್ಕಕ್ಕೆ ಹಾಕಬೇಕಾದ ಹಣವನ್ನು ಆ ಎರಡಕ್ಕೇ ಹಾಕುತ್ತಾನೆ. ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಇದೆ. 2014ರಲ್ಲಿ ಕಾನ್ಪುರದಲ್ಲಿ ಹೆಂಗಸರಿಗೆಂದು ಹೊರತಂದ ಹಗುರವಾದ ‘ನಿರ್ಭೀಕ್’ಗೇ ಸುಮಾರು 1 ಲಕ್ಷ 22 ಸಾವಿರ ಬೆಲೆಯಿತ್ತು. 2020ರಿಂದ ವೆಬ್ಲಿ ಹೆಸರಿನ ರಿವಾಲ್ವರೇ ಉತ್ತರ ಪ್ರದೇಶದ ಸಂಡೀಲಾದಲ್ಲಿ ತಯಾರಾಗುತ್ತಿದೆ. (ಇಂಗ್ಲೆಂಡಿನಲ್ಲಿ 1997ರಿಂದ ಸಾಮಾನ್ಯ ಪ್ರಜೆ ಕೈಬಂದೂಕು ಇಟ್ಟುಕೊಳ್ಳುವಂತಿಲ್ಲ. ಅವರ ಹೆಸರು ಹೊತ್ತದ್ದು ನಮ್ಮಲ್ಲಿ ತಯಾರಾಗಿ ನಮ್ಮಲ್ಲೇ ಬಿಕರಿಯಾಗುವುದು ತಮಾಷೆಯಲ್ಲವೇ?) ಆದರೂ ನಮ್ಮವರಿಗೆ ಬೇಕಾದದ್ದು ಹಳೆಯದೇ. ಏಕೆಂದರೆ ಜಿಲ್ಲಾಧಿಕಾರಿಗಳ ಕಚೇರಿಯಿಂದ ಪಿಸ್ತೂಲಿನ ಲೈಸೆನ್ಸು ಸಿಕ್ಕಿತೆಂಬುದೇ ಊರಲ್ಲೊಂದು ಪದವಿ; ಒಳಗಿನ ಪಿಸ್ತೂಲು ಆ ಪದವಿಗೆ ತಕ್ಕಂತಿರಬೇಡವೇ!

ಕ್ರೀಡೆಗಾಗಿ ಕೊಳ್ಳುವವರ ಮಾತು ಬೇರೆ. ಹತ್ತು ಮೀಟರ್ ದೂರದ ಗುರಿಯಲ್ಲಿ ಹತ್ತು ಅಂಕದ ಮಚ್ಚೆ 11.5 ಮಿಲಿಮೀಟರ್ ಅಗಲ, ನಮ್ಮ ಪೀಬೆರಿ ಬೀಜಕ್ಕಿಂತ ತುಸು ದೊಡ್ಡದಿರಬಹುದು. ಅದಕ್ಕೆ ಅಂಗೈ ಅಳತೆಯ ಹಿಡಿಯೂ ನವಿರಾದ ಟ್ರಿಗರೂ ಬೇಕೇಬೇಕು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಯಲ್ಲಿ 10 ಮೀಟರ್ ಗಾಳಿ ಪಿಸ್ತೂಲಿನಲ್ಲಿ ಬೆಳ್ಳಿ ತಂದರು. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಗಾಳಿ ಪಿಸ್ತೂಲಿನಲ್ಲಿ ಕಂಚು ಗೆದ್ದಾಗ ನಮ್ಮ ಹಳ್ಳಿಯ ಮಕ್ಕಳೂ ಟಿ.ವಿ. ಮುಂದೆ ಕೂತಿದ್ದರು. ಅಂಥ ಗಾಳಿ ಪಿಸ್ತೂಲಿಗೆ ಲಕ್ಷಕ್ಕೂ ಮಿಕ್ಕಿ ಬೆಲೆಯಿದೆ. ಮಗಳಿಗೋ ಮಗನಿಗೋ ಅದನ್ನು ಕೊಡಿಸುವ ಸದಸ್ಯರಿದ್ದರೆ ಅವರಿಗೆ ನನ್ನ ನಮಸ್ಕಾರ.

ಈಗ ಸಂಘದ ವಿಷಯ. ಕಳೆದ ಕೆಲವು ತಿಂಗಳಲ್ಲಿ ಮೂರು ಮಂದಿ ಸದಸ್ಯರು ನನ್ನಿಂದ ಪತ್ರ ಕೇಳಿದರು: ಇವರು ನಮ್ಮ ಸಂಘದ ಬೆಳೆಗಾರರು, ಇವರ ತೋಟಕ್ಕೆ ಪ್ರಾಣಿಗಳ ಹಾವಳಿಯಿದೆ, ಆದ್ದರಿಂದ ಬಂದೂಕು ಅಗತ್ಯ ಎಂದು. ವಿಚಾರಿಸಿದರೆ, ಅರ್ಜಿ ಹಾಕುತ್ತಿರುವುದು ಪಿಸ್ತೂಲಿಗೆ. ಬಂಧುಗಳೇ, .32 ಪಿಸ್ತೂಲಿನಿಂದ ಯಾವ ಹಂದಿ ಹಿಂದಕ್ಕೆ ಹೋದೀತು? ಅಡಿಕೆ ತೋಟಕ್ಕೆ ನುಗ್ಗಿದ ಮಂಗನ ಹಿಂಡನ್ನು ಬೆದರಿಸಲು ಕೇಪಿನ ಕೋವಿಯ ಒಂದು ಸದ್ದು ಸಾಕು. ಬಿಕ್ಕೋಡು ಕಡೆ ಬರುವ ಆನೆಯ ಮುಂದೆ ಪಿಸ್ತೂಲು ಹಿಡಿದು ನಿಲ್ಲುವವನನ್ನು ದೇವರೇ ಕಾಪಾಡಬೇಕು. ಕಾನೂನೂ ಇದನ್ನು ತಿಳಿದೇ ಮಾಡಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಕಲಮಿನಲ್ಲಿ ನಿಜವಾದ ಬೆಳೆರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಗೂ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೂ ಅವಕಾಶವಿದೆ. ಪಿಸ್ತೂಲಿನ ಸೊಲ್ಲೇ ಇಲ್ಲ. ಕೋವಿಯನ್ನು ಕೈಲ್‌ಪೊಳ್ದಿನಲ್ಲಿ ಪೂಜಿಸುವ ಕೊಡಗಿನವರಿಗೆ 2029ರವರೆಗೆ ದೊರೆತಿರುವ ವಿನಾಯಿತಿ ಸಹ ಕೋವಿ, ರೈಫಲುಗಳಿಗೇ ಹೊರತು ಕೈಬಂದೂಕಿಗಲ್ಲ.

ಕಣಕಟ್ಟೆ ಹೋಬಳಿಯ ಎರಡೆಕರೆಯ ಬೆಳೆಗಾರನ ಕಷ್ಟ ನೋಡಿ. ಕೊಳವೆಬಾವಿಯ ನೀರು ನೆಚ್ಚಿ ಸಸಿ ನೆಟ್ಟಿದ್ದಾನೆ, ರಾತ್ರಿ ಹಂದಿ ಬುಡ ಅಗೆದು ಹೋಗುತ್ತದೆ, ಗುಡ್ಡದ ಮಗ್ಗುಲಲ್ಲಿ ಕರಡಿ, ಚಿರತೆಯ ಭಯ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅವನು ಕೋವಿ ಕೇಳುವುದು ಬೇಟೆಗಲ್ಲ, ಗಾಳಿಯಲ್ಲಿ ಒಂದು ಈಡು ಹಾರಿಸಿ ಬೆದರಿಸಲು. ಚುನಾವಣೆ ಬಂತೆಂದರೆ ಅದನ್ನೂ ಠಾಣೆಗೆ ಒಪ್ಪಿಸಿ ತಿಂಗಳುಗಟ್ಟಲೆ ಬರಿಗೈಯಲ್ಲಿ ಕೂರುತ್ತಾನೆ. ಅವನ ಅರ್ಜಿಗೆ ಸಂಘದ ಪತ್ರವೊಂದೇ ಆಸರೆ. ಅದೇ ಕಾಗದ, ಅದೇ ಮೊಹರು ಹೊತ್ತು ಲಕ್ಷಗಟ್ಟಲೆಯ ಪಿಸ್ತೂಲಿನ ಅರ್ಜಿಯೂ ಹೋದರೆ, ಮೇಜಿನ ಆಚೆ ಕೂತವರು ಮುಂದೆ ಯಾವ ಪತ್ರವನ್ನು ನಂಬಿಯಾರು?

ಆತ್ಮರಕ್ಷಣೆಗೆಂದೋ ಕ್ರೀಡೆಗೆಂದೋ ಪಿಸ್ತೂಲು ಬೇಕಾದವರು ಆ ಕಾರಣವನ್ನೇ ಅರ್ಜಿಯಲ್ಲಿ ಬರೆದು ನೇರವಾಗಿ ಸಲ್ಲಿಸಲಿ. ಹಳೆಯ ವೆಬ್ಲಿ ಸಿಕ್ಕಿದರೆ ಒಮ್ಮೆ ತೋರಿಸಲಿ, ನೋಡಲು ನನಗೂ ಆಸೆಯಿದೆ. ಬೆಳೆರಕ್ಷಣೆಯ ಕೋವಿಗೆ ಹೊಸದಾಗಿ ಅರ್ಜಿ ಹಾಕುವವರು, ನವೀಕರಿಸುವವರು ಪಹಣಿ, ಹಳೆಯ ಲೈಸೆನ್ಸಿದ್ದರೆ ಅದರ ನಕಲು, ಬೆಳೆಹಾನಿಯ ಮಹಜರು ಆಗಿದ್ದರೆ ಅದರ ಪ್ರತಿ ತಂದರೆ ಕಚೇರಿಯ ಗುಮಾಸ್ತರು ಅರ್ಜಿ ಬರೆದುಕೊಡುತ್ತಾರೆ. ಇನ್ನುಮುಂದೆ ಸಂಘದ ಪತ್ರದಲ್ಲಿ ಕೋವಿಯ ಬಗೆಯನ್ನು, ಕೇಪಿನದೋ ತೋಟಾದೋ, ಒಂಟಿ ನಳಿಗೆಯೋ ಜೋಡಿಯೋ ಎಂದು, ಸ್ಪಷ್ಟವಾಗಿ ಬರೆದೇ ಸಹಿ ಮಾಡುತ್ತೇನೆ.

— ಕಾರ್ಯದರ್ಶಿ