ಹತ್ತು ಪೈಸೆಯ ಲೆಕ್ಕ

‘ಕೋಬಾಲ್ ಸತ್ತ ಭಾಷೆ, ಕಲಬುರಗಿಯ ಹುಡುಗರಿಗೆ ಅದರ ಗೊಡವೆ ಬೇಡ’ ಎಂಬ ಲೇಖನ ಓದಿ ಸುಮ್ಮನಿರಲಾಗಲಿಲ್ಲ. 1959ರಲ್ಲಿ ರೂಪುಗೊಂಡ ಕಂಪ್ಯೂಟರ್ ಪ್ರೋಗ್ರಾಮಿಂಗ್ ಭಾಷೆ, ನಿಜ. ಅದನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಮಾತ್ರ ಹಳೆಯದಲ್ಲ. ಐಬಿಎಂ 2022ರಲ್ಲೂ ಹೊಸ ಆವೃತ್ತಿ ತಂದಿದೆ.

ಕೋಬಾಲ್‌ನ ಬಲ ಹಣದ ಲೆಕ್ಕದಲ್ಲಿದೆ. ನಮ್ಮ ಕಲಬುರಗಿಯ ಶಹಾಬಜಾರದ ಅಂಗಡಿಯ ಖಾತೆಯಲ್ಲಿ ಹತ್ತು ಪೈಸೆ ಎಂದರೆ ಹತ್ತೇ ಪೈಸೆ. ಕಂಪ್ಯೂಟರುಗಳು ಭಿನ್ನರಾಶಿಗೆ ಸಾಮಾನ್ಯವಾಗಿ ಬಳಸುವ ಬೈನರಿ ಫ್ಲೋಟಿಂಗ್ ಪಾಯಿಂಟ್‌ನಲ್ಲಿ 0.10 ನಿಖರವಾಗಿ ಕೂರುವುದೇ ಇಲ್ಲ. ಕೋಬಾಲ್ ದಶಮಾಂಶವನ್ನು ದಶಮಾಂಶವಾಗಿಯೇ ಇಡಬಲ್ಲದು: ಪ್ಯಾಕ್ಡ್ ಡೆಸಿಮಲ್ ಎಂಬ ರೂಪದಲ್ಲಿ ಬೈಟಿಗೆ ಎರಡು ಅಂಕಿ, ಕೊನೆಯ ಅರ್ಧ ಬೈಟಿನಲ್ಲಿ ಚಿಹ್ನೆ. ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರೇ ಅದನ್ನು ನೇರವಾಗಿ ಕೂಡಿಸುತ್ತದೆ. ಮೊತ್ತ ಜಾಗ ಮೀರಿದರೆ ಏನು ಮಾಡಬೇಕೆಂದು ‘ಆನ್ ಸೈಜ್ ಎರರ್’ ಷರತ್ತಿನಲ್ಲಿ ಬರೆದಿಡಬಹುದು. ಬೇರೆ ಭಾಷೆಗಳಲ್ಲೂ ಈ ಸೌಲಭ್ಯ ಸೇರಿಸಿಕೊಳ್ಳಬಹುದು, ಒಪ್ಪುತ್ತೇನೆ. ಕೋಬಾಲ್‌ಗೆ ಅದು ಹುಟ್ಟುಗುಣ. ಲೇಖಕರು ಈ ಬಗ್ಗೆ ಒಂದು ಸಾಲೂ ಬರೆದಿಲ್ಲ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಕೋಬಾಲನ್ನು ಐಚ್ಛಿಕ ವಿಷಯವಾಗಿಯಾದರೂ ಕಲಿಸಲಿ.