ಮಕ್ಕಳ ಜೊತೆ ಹಿರಿಯರೂ ಹೆಜ್ಜೆ ಹಾಕಲಿ



ಶೀತದೇಶಗಳಲ್ಲಿ ನೆಲೆಸಿರುವ ನಮ್ಮವರು ಚಳಿಗಾಲದಲ್ಲಿ ಎಳೆಯ ಮಕ್ಕಳನ್ನು ಹಿಮದ ಮೇಲೆ ಸ್ಕೀ ಮಾಡಲು ಕರೆದೊಯ್ಯುವುದು ಸರಿಯೇ? ಈ ಚರ್ಚೆ ನಮ್ಮ ಬಳಗದಲ್ಲಿ ಈಚೆಗೆ ನಡೆಯಿತು. ಅಮೆರಿಕದ ಮಿನ್ನೆಸೋಟದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಕ್ಕಳೊಡನೆ ಅಂಥದೊಂದು ಕುಟುಂಬಗಳ ಗುಂಪಿಗೆ ಸೇರಿದ್ದಾಳೆ. ಚನ್ನಗಿರಿಯಲ್ಲಿರುವ ಅವಳ ತಾಯಿಗೆ ಮೊಮ್ಮಕ್ಕಳ ಚಿಂತೆ. ನನ್ನ ಅಭಿಪ್ರಾಯವಿಷ್ಟು: ಧಾರಾಳವಾಗಿ ಕರೆದೊಯ್ಯಬೇಕು. ಆದರೆ ಹಿರಿಯರು ಬದಿಯಲ್ಲಿ ನಿಂತು ನೋಡದೆ ತಾವೂ ಜೊತೆಯಲ್ಲಿ ಸಾಗಬೇಕು.

ಸ್ಕೀ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಸಿನಿಮಾದಲ್ಲಿ ಕಂಡ ಕಡಿದಾದ ಇಳಿಜಾರು. 'ಕ್ರಾಸ್ ಕಂಟ್ರಿ ಸ್ಕೀಯಿಂಗ್' ಅದಲ್ಲ. ನಮ್ಮ ಶಾಲೆಗಳಲ್ಲಿ ಗುಡ್ಡಗಾಡು ಓಟವೆಂದು ಕರೆಯುವ ಸ್ಪರ್ಧೆಯ ಸೋದರನೆನ್ನಬಹುದು. ಇದರ ಪಟ್ಟಿಗಳು ಕಿರಿದು, ಹಗುರ. ಬೂಟಿನ ತುದಿಯನ್ನು ಮಾತ್ರ ಪಟ್ಟಿಗೆ ಸಿಕ್ಕಿಸುತ್ತಾರೆ. ಹಿಮ್ಮಡಿ ಸ್ವತಂತ್ರವಾಗಿ ಮೇಲೇಳುತ್ತದೆ. ಆದ್ದರಿಂದ ನಡೆದಂತೆಯೇ ಹೆಜ್ಜೆಯಿಟ್ಟು, ಹೆಜ್ಜೆಯ ಕೊನೆಯಲ್ಲಿ ಜಾರಿಕೊಂಡು, ಕೈಕೋಲುಗಳ ಊರುಗೋಲಿನಿಂದ ಮುಂದೆ ಸಾಗಬಹುದು. ಬೆಟ್ಟದ ಮೇಲಕ್ಕೆ ಒಯ್ಯುವ ಯಂತ್ರ ಬೇಕಿಲ್ಲ. ಸಮತಟ್ಟಾದ ಬಯಲು, ಸಣ್ಣ ಏರಿಳಿತಗಳಿದ್ದರೆ ಸಾಕು.

ಮಿನ್ನೆಸೋಟದಲ್ಲಿ 'ಮಿನ್ನೆಸೋಟ ಯೂತ್ ಸ್ಕೀ ಲೀಗ್' ಎಂಬ ಸಂಸ್ಥೆಯಿದೆ. ಅದರ ಸ್ಥಳೀಯ ಗುಂಪುಗಳಲ್ಲಿ ತಂದೆತಾಯಿಗಳೇ ಸ್ವಯಂಸೇವಕರಾಗಿ ಕಲಿಸುತ್ತಾರೆ. ಪುಟ್ಟ ಮಕ್ಕಳ ಕೈಗೆ ಮೊದಲು ಕೋಲುಗಳನ್ನೇ ಕೊಡದಿರುವ ಕ್ರಮವೊಂದು ಈ ಕಲಿಕೆಯಲ್ಲಿದೆ. ಕೋಲಿಲ್ಲದಾಗ ಮಗು ಕಾಲಿನಿಂದಲೇ ಸಮತೋಲನ ಕಲಿಯುತ್ತದೆ. ಪಾಠವೆಲ್ಲ ಮುಟ್ಟಾಟದಂಥ ಆಟಗಳ ಮೂಲಕ. ಆಧಾರವನ್ನು ತಡವಾಗಿ ಕೊಡು, ಆಟವನ್ನು ಮೊದಲು ಕೊಡು ಎಂಬ ಈ ಬೋಧನಕ್ರಮವನ್ನು ಕರಿಹಲಗೆಯ ಮುಂದೆ ಆಯುಷ್ಯ ಸವೆಸಿದ ನಾನು ಮನಸಾರೆ ಮೆಚ್ಚುತ್ತೇನೆ.

ಸ್ಕೀ ಮತ್ತು ಮಕ್ಕಳ ನಂಟು ಬಹು ಹಳೆಯದು. 1206ರಲ್ಲಿ ನಾರ್ವೆಯಲ್ಲಿ ಅಂತಃಕಲಹ ನಡೆದಿತ್ತು. ಎರಡು ವರ್ಷವೂ ತುಂಬದ ರಾಜಕುಮಾರ ಹಾಕೋನನನ್ನು ಶತ್ರುಗಳಿಂದ ಉಳಿಸಲು 'ಬಿರ್ಕೆಬೈನರ್' ಪಕ್ಷದ ಇಬ್ಬರು ಯೋಧರು ಮಗುವನ್ನೆತ್ತಿಕೊಂಡು ಸ್ಕೀ ಮೇಲೆ ಹಿಮದ ಪರ್ವತಗಳನ್ನು ದಾಟಿದರೆಂದು ಅಲ್ಲಿನ ಇತಿಹಾಸ ಹೇಳುತ್ತದೆ. ಆ ಮಗು 1217ರಲ್ಲಿ ದೊರೆಯಾಯಿತು. ಈ ನೆನಪಿಗಾಗಿ 1932ರಲ್ಲಿ ಆರಂಭವಾದ 54 ಕಿ.ಮೀ. ಸ್ಪರ್ಧೆಯಲ್ಲಿ ಪ್ರತಿಯೊಬ್ಬನೂ ಬೆನ್ನ ಮೇಲೆ 3.5 ಕೆ.ಜಿ. ತೂಕದ ಚೀಲ ಹೊರಬೇಕು. ಅದು ಆ ಮಗುವಿನ ಗುರುತು. ಮಿನ್ನೆಸೋಟದ ನೆರೆಯ ವಿಸ್ಕಾನ್ಸಿನ್‌ನಲ್ಲಿ 1973ರಿಂದ ಅದೇ ಹೆಸರಿನ ಸ್ಪರ್ಧೆ ನಡೆಯುತ್ತಿದೆ. ಅಲ್ಲಿ ಮಕ್ಕಳಿಗೂ ಪ್ರತ್ಯೇಕ ಓಟವಿದೆ. ಮಗುವನ್ನು ಹೊತ್ತು ನಡೆಯುವುದು ಹಿರಿಯರ ಧರ್ಮವೆಂಬುದನ್ನು ಒಂದು ಜನಾಂಗ ಕ್ರೀಡೆಯ ನಿಯಮವನ್ನಾಗಿಯೇ ಮಾಡಿಕೊಂಡಿದೆ!

ಶೀತವಾಗದೇ ಎಂಬ ಅಜ್ಜಿಯ ಆತಂಕ ನ್ಯಾಯವಾದದ್ದೇ. ಚಲಿಸುವ ದೇಹ ತಾನೇ ಬಿಸಿಯಾಗುತ್ತದೆ. ಅಪಾಯವಿರುವುದು ಬೆವರಿ ಒದ್ದೆಯಾದ ಬಟ್ಟೆಯಲ್ಲಿ. ಹತ್ತಿಯ ಬಟ್ಟೆ ಒದ್ದೆಯನ್ನು ಹಿಡಿದಿಡುವುದರಿಂದ ಮೈಗೆ ತಾಗುವಂತೆ ಉಣ್ಣೆಯದನ್ನು ತೊಡಿಸಿ, ಮೇಲೆ ಪದರ ಪದರವಾಗಿ ಹಾಕಬೇಕು. ಕೊರೆಯುವ ಗಾಳಿಯ ದಿನ ಮನೆಯಲ್ಲೇ ಉಳಿಯಬೇಕು. ಮಗು ದಣಿದಾಗ ನಿಲ್ಲಬೇಕು, ಬುತ್ತಿ ಬಿಚ್ಚಬೇಕು. ಗುಂಪಿನ ವೇಗವನ್ನು ಅತ್ಯಂತ ಕಿರಿಯ ಮಗುವೇ ನಿರ್ಧರಿಸಬೇಕು.

ಹಿಮವಿಲ್ಲದ ನಾಡಿನವರಿಗೆ ಇದು ಒಗ್ಗದು ಎನ್ನುವವರಿಗೆ ಒಂದು ಮಾತು. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಕ್ರಾಸ್ ಕಂಟ್ರಿ ಸ್ಕೀ ಸ್ಪರ್ಧೆಯ 5 ಕಿ.ಮೀ. ವಿಭಾಗದಲ್ಲಿ ಕಂಚಿನ ಪದಕ ಗೆದ್ದರು. ಆದರೂ ಎಲ್ಲ ಮಕ್ಕಳೂ ಪದಕ ತರಲೆಂದು ನಾನು ಇದನ್ನು ಹೇಳುತ್ತಿಲ್ಲ.

ನನ್ನ ಕಾಳಜಿ ಬೇರೆ. ನಮ್ಮೂರಿನಲ್ಲೀಗ ಭಾನುವಾರವೂ ಮಕ್ಕಳು ಟ್ಯೂಷನ್ನಿನಲ್ಲಿರುತ್ತಾರೆ. ತಂದೆ ಬೈಕಿನಲ್ಲಿ ಬಿಟ್ಟು ಬರುತ್ತಾನೆ, ಮತ್ತೆ ಹೋಗಿ ಕರೆತರುತ್ತಾನೆ. ಬಿಡುವುದು, ಕರೆತರುವುದು, ಇವೆರಡರ ನಡುವೆ ಜೊತೆಯಲ್ಲಿರುವುದೇ ಮಾಯವಾಗಿದೆ. ಅಪ್ಪನೊಡನೆ ಜಾತ್ರೆಗೆ ನಡೆದು ಹೋದ ಹುಡುಗ ಸೋಮವಾರ ತರಗತಿಯಲ್ಲಿ ಅದನ್ನು ವರ್ಣಿಸುವಾಗ ಅವನ ಮುಖದಲ್ಲಿದ್ದ ಕಳೆಯನ್ನು ನಾನು ಬಲ್ಲೆ. ಹೆತ್ತವರ ಜೊತೆ ನಡೆಯಲು ಮಗು ತಾನಾಗಿ ಬಯಸುವ ವರ್ಷಗಳು ಹತ್ತೋ ಹನ್ನೆರಡೋ, ಅಷ್ಟೇ. ಆಮೇಲೆ ನಾವು ಕರೆದರೂ ಅವರಿಗೆ ಪುರುಸೊತ್ತಿರುವುದಿಲ್ಲ.

ಆದ್ದರಿಂದ ಹಿಮದ ನಾಡಿನಲ್ಲಿರುವ ಶಿಷ್ಯರೇ, ಚಳಿಗಾಲವಿಡೀ ಮಕ್ಕಳನ್ನು ಟಿ.ವಿ.ಯ ಮುಂದೆ ಕೂರಿಸಬೇಡಿ. ನೀವು ಬಿದ್ದರೆ ಮಕ್ಕಳು ನಗಲಿ. ಬಿದ್ದವರು ಏಳುವ ಬಗೆಯನ್ನೂ ಅವರು ಆಗಲೇ ನೋಡುತ್ತಾರೆ. ಇಲ್ಲಿರುವವರೇ, ನಮಗೆ ಹಿಮವಿಲ್ಲದಿದ್ದರೇನು? ಚನ್ನಗಿರಿಯ ಕೋಟೆಬೆಟ್ಟವಿದೆ, ಸೂಳೆಕೆರೆಯ ಏರಿಯಿದೆ. ನಾಲ್ಕು ಮನೆಯವರು ಸೇರಿ ಬುತ್ತಿ ಕಟ್ಟಿಕೊಂಡು ಮಕ್ಕಳೊಡನೆ ಹೊರಡಿ. ಬರುವ ಭಾನುವಾರವೇ ಆಗಲಿ.